ಎಡಸುರುಳಿಯ ಚಿಪ್ಪು

ಬಾಡಿಗೆಗೆ ಬಂದ ಅತ್ತೆ ಸೊಸೆಯರಿಗೆ ಕೀಲಿಕೈ ಕೊಡುವಾಗ ಮನೆಯೊಡತಿ ಎರಡು ಮಾತು ಹೇಳಿದಳು. ನಲ್ಲಿಯನ್ನು ಬಿಗಿಯಾಗಿ ತಿರುಗಿಸದಿದ್ದರೆ ನೀರು ಸೋರುತ್ತದೆ ಎಂಬುದು ಒಂದು. ಹಿತ್ತಿಲ ಗೋಡೆಯ ಗೂಡಿನಲ್ಲಿ ಒಂದು ಬಸವನಹುಳುವಿನ ಚಿಪ್ಪಿದೆ, ಅದನ್ನು ಮುಟ್ಟಬಾರದು ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಸೊಸೆ ತಲೆಯಾಡಿಸಿದಳು. ಎರಡನೆಯದಕ್ಕೆ ನಕ್ಕಳು.

"ಸತ್ತ ಹುಳದ ಚಿಪ್ಪು ತಾನೇ?"

"ಸತ್ತಿದೆ ಅಂತ ಯಾರು ಹೇಳಿದ್ರು? ಬಾಯಿ ಮುಚ್ಕೊಂಡಿದೆ ಅಷ್ಟೆ." ಒಡತಿ ಕೀಲಿಕೈಯನ್ನು ಇನ್ನೂ ಬಿಟ್ಟಿರಲಿಲ್ಲ. "ಅದು ಬಾಯಿಕಟ್ಟಿನ ಚಿಪ್ಪು. ಯಾರೋ ಯಾರಿಗೋ ಮಾಟ ಮಾಡಿಸಿದ್ದು. ಅದರ ಮುಚ್ಚಳಕ್ಕೆ ಉಗುರು ಕೂಡ ತಾಗಿಸಬೇಡಿ."

"ದಿನಾ ಬೆಳಗಾದ್ರೆ ನನಗೆ ಬಾಯಿಗಳದೇ ಕೆಲಸ. ಈ ಹುಳದ ಬಾಯಿಗೆ ಹೆದರಿದ್ರೆ ಹೊಟ್ಟೆಪಾಡಿನ ಗತಿ ಏನು?" ಎಂದಳು ಸೊಸೆ. ಪಕ್ಕದಲ್ಲಿ ನಿಂತಿದ್ದ ಅತ್ತೆ ಕಿಸಕ್ಕನೆ ನಕ್ಕಳು. ಒಡತಿ ಮಾತ್ರ ಸೊಸೆಯ ಮುಖವನ್ನು ಒಂದು ಕ್ಷಣ ಹೆಚ್ಚೇ ನೋಡಿ, ಕೀಲಿಕೈ ಬಿಟ್ಟು, ಮೆಟ್ಟಿಲು ಹತ್ತಿ ಹೋದಳು.

ಸೊಸೆಯದು ಕಟ್ಟುಹಲ್ಲು ಮಾಡುವ ಕೆಲಸ. ಪಕ್ಕದ ಬೀದಿಯ ಹಲ್ಲಿನ ಡಾಕ್ಟರು ಜನರ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಅವಳು ಅದಕ್ಕೆ ಗಾರೆ ಸುರಿದು, ಒಣಗಿಸಿ, ಮೇಣದಲ್ಲಿ ವಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸಿ, ಕಬ್ಬಿಣದ ಒತ್ತುಯಂತ್ರದಲ್ಲಿಟ್ಟು ತಿರುಪು ಬಿಗಿದು ಹಲ್ಲುಸೆಟ್ಟು ಮಾಡಿ ಕೊಡುತ್ತಿದ್ದಳು. ಮೊದಲಿದ್ದ ಮನೆ ದೂರವಾಗಿತ್ತು. ಇಲ್ಲಿ ಮುಂದಿನ ಕೋಣೆ ಕೆಲಸಕ್ಕೆ, ನಡುವಿನದು ಮಲಗಲು, ಹಿಂದಿನದು ಅಡುಗೆಗೆ. ಅದರಾಚೆ ಎತ್ತರದ ಗೋಡೆಯ ಸಣ್ಣ ಹಿತ್ತಿಲು. ಮಹಡಿಯ ಮೇಲೆ ಒಡತಿ, ಹಾಸಿಗೆ ಹಿಡಿದ ಅವಳ ಅಕ್ಕ. ಅಕ್ಕನನ್ನು ಬೀದಿಯಲ್ಲಿ ಯಾರೂ ಕಂಡವರಿರಲಿಲ್ಲ, ಅವಳ ದನಿ ಕೇಳಿದವರಂತೂ ಇರಲೇ ಇಲ್ಲ.

ಕೆಲಸದ ಗುಣವೋ ಹುಟ್ಟುಗುಣವೋ, ಸೊಸೆ ಮಾತು ಕಡಿಮೆಯವಳು. ಮನೆಯ ಪಾಲಿನ ಮಾತನ್ನೆಲ್ಲ ಅತ್ತೆಯೇ ಆಡುತ್ತಿದ್ದಳು. ಅವಳಿಗೆ ಮಾತೆಂದರೆ ಉಸಿರು. ಕಾಯಿಪಲ್ಲೆಯವನ ಮಗಳ ಮದುವೆಯಿಂದ ಹಿಡಿದು ಇಡೀ ಬೀದಿಯ ಕಷ್ಟಸುಖ ಅವಳ ನಾಲಿಗೆಯ ತುದಿಯಲ್ಲಿತ್ತು. ಕೆಲಸದ ಮೇಜಿನ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರೆ ಗಾರೆ ಗಟ್ಟಿಯಾದರೂ ಮಾತು ಮುಗಿಯುತ್ತಿರಲಿಲ್ಲ. ಅತ್ತೆಯ ಬಾಯಲ್ಲಿದ್ದ ಹಲ್ಲುಸೆಟ್ಟೂ ಸೊಸೆಯದೇ ಕೈಕೆಲಸ. "ಬೇರೆಯವರ ಸೊಸೆಯಂದಿರು ಅತ್ತೆಯ ಬಾಯಿ ಮುಚ್ಚಿಸ್ತಾರೆ. ನನ್ನವಳು ಹಲ್ಲು ಕಟ್ಟಿ ಇನ್ನಷ್ಟು ಮಾತಾಡು ಅಂತ ಕೂರಿಸಿದ್ದಾಳೆ" ಎಂದು ಅವಳು ಕಂಡಕಂಡವರಿಗೆ ಹೇಳಿಕೊಂಡು ನಗುತ್ತಿದ್ದಳು. ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಮಗ ಬಂದರು ಸಿಕ್ಕಾಗಲೆಲ್ಲ ಫೋನು ಮಾಡುತ್ತಿದ್ದ. ಅವನದೂ ತಾಯಿಯದೇ ಬಾಯಿ. ತಾಯಿ ಮಗ ಮಾತಾಡಿ ಮುಗಿಸುವ ಹೊತ್ತಿಗೆ ಹೆಂಡತಿಯ ಪಾಲಿಗೆ ಉಳಿಯುತ್ತಿದ್ದುದು "ಊಟ ಆಯ್ತಾ, ಇಡ್ಲಾ" ಅಷ್ಟೇ. ಅವಳಿಗೆ ಅದರಲ್ಲಿ ಬೇಸರವಿರಲಿಲ್ಲ. ಆ ಇಬ್ಬರ ಗದ್ದಲದ ನಡುವೆ ಸುಮ್ಮನೆ ಇರುವುದೇ ಅವಳಿಗೆ ಸುಖವಾಗಿತ್ತು.

ಹಿತ್ತಿಲ ಗೋಡೆಯ ಕೆಳಭಾಗದಲ್ಲಿ ಸುಣ್ಣವೇ ಇರಲಿಲ್ಲ. ಸೊಂಟದೆತ್ತರದವರೆಗೆ ಯಾರೋ ನಾಲಿಗೆಯಿಂದ ನೆಕ್ಕಿ ತೆಗೆದಂತೆ ಇಟ್ಟಿಗೆ ಬರಿದಾಗಿತ್ತು. ಬಸವನಹುಳುಗಳಿಗೆ ಚಿಪ್ಪು ಬೆಳೆಸಲು ಸುಣ್ಣ ಬೇಕು, ಅದಕ್ಕೇ ಅವು ಗೋಡೆಯನ್ನು ಕೆರೆದು ತಿನ್ನುತ್ತವೆ ಎಂದು ಸೊಸೆ ಅತ್ತೆಗೆ ತಿಳಿಸಿ ಹೇಳಿದಳು. ಗೂಡಿನಲ್ಲಿದ್ದ ಚಿಪ್ಪು ಅಂಗೈ ತುಂಬುವಷ್ಟು ದೊಡ್ಡದು. ಕಂದು ಮೈ, ಅದರ ಮೇಲೆ ಬೆಂಕಿಯ ನಾಲಗೆಯಂಥ ಹಳದಿ ಗೀರು. ಅದರ ಸುರುಳಿ ಎಡಕ್ಕೆ ತಿರುಗಿತ್ತು. ಸಾಮಾನ್ಯವಾಗಿ ಬಸವನಹುಳುಗಳ ಸುರುಳಿ ಬಲಕ್ಕಿರುತ್ತದೆ, ಎಲ್ಲೋ ಅಪರೂಪಕ್ಕೆ ಒಂದು ಹೀಗೆ ಹುಟ್ಟುತ್ತದೆ ಎಂದು ಅವಳು ಎಲ್ಲೋ ಓದಿದ್ದಳು. ಬಾಯಿಗೆ ಬಿಳಿಯ ಮುಚ್ಚಳ. ಬಿಸಿಲುಗಾಲದಲ್ಲಿ ಒಳಗಿನ ಪಸೆ ಆರದಿರಲೆಂದು ಹುಳು ತಾನೇ ಹಾಕಿಕೊಳ್ಳುವ ಸುಣ್ಣದ ಪೊರೆ ಅದು.

ಒಂದು ಮಧ್ಯಾಹ್ನ ಅಚ್ಚುಗಳೆಲ್ಲ ಒಣಗಲು ಕೂತಿದ್ದವು. ಕೈ ಖಾಲಿ. ಸೊಸೆ ಮೇಣ ಕೊರೆಯುವ ಚಾಕು ಹಿಡಿದು ಹಿತ್ತಿಲಿಗೆ ಹೋದಳು.

"ಒಡತಿ ಬೇಡ ಅಂದಿದ್ರಲ್ಲೇ" ಎಂದಳು ಅತ್ತೆ, ಆದರೆ ತಾನೂ ಕುತೂಹಲದಿಂದ ಬಗ್ಗಿ ನಿಂತಳು.

"ಒಡತಿಗೆ ಹುಳ ಕಂಡ್ರೆ ಭಯ ಅಂತ ಹುಳಕ್ಕೂ ಮಂತ್ರ ಬರತ್ತಾ?" ಎಂದು ನಗುತ್ತಲೇ ಅವಳು ಚಾಕುವಿನ ಮೊನೆಯನ್ನು ಮುಚ್ಚಳದ ಅಂಚಿಗೆ ಇಟ್ಟಳು. ಕಾಗದದಷ್ಟು ಸುಲಭವಾಗಿ ಸೀಳಿತು.

ಮೊದಲು ಬಂದದ್ದು ವಾಸನೆ. ಮಣ್ಣಿನದಲ್ಲ, ಕೊಳೆತ ಹುಳುವಿನದೂ ಅಲ್ಲ. ಬಹಳ ಹೊತ್ತು ತೆರೆಯದೆ ಇದ್ದ ಮನುಷ್ಯರ ಬಾಯಿಯ ವಾಸನೆ. ವರ್ಷಗಟ್ಟಲೆ ಆ ಕೆಲಸ ಮಾಡಿದ ಅವಳ ಮೂಗಿಗೆ ಅದರಲ್ಲಿ ತಪ್ಪಾಗುವಂತಿರಲಿಲ್ಲ. ಮುಚ್ಚಳವನ್ನು ಅಂಗೈಯಲ್ಲಿ ತಿರುಗಿಸಿದಾಗ ಅದರ ಒಳಮೈಯಲ್ಲಿ ಅಚ್ಚು ಕಂಡಿತು. ಒಂದು ಜೊತೆ ತುಟಿಗಳು. ಸಣ್ಣ ಸಣ್ಣ ಗೆರೆಗಳು ಸಹಿತ, ಒತ್ತಿ ತೆಗೆದಂತೆ. ಕಾಕತಾಳೀಯ ಎಂದುಕೊಂಡಳು. ಮೋಡದಲ್ಲೂ ಮುಖ ಕಾಣುತ್ತದಲ್ಲ, ಹಾಗೆ. ಅಷ್ಟರಲ್ಲಿ ಚಿಪ್ಪಿನ ಒಳಗಿಂದ ಬೂದುಬಣ್ಣದ ಒದ್ದೆ ಮಾಂಸ ನಿಧಾನವಾಗಿ ಹೊರಗೆ ಹರಿದು, ಎರಡು ಕೊಂಬು ನೀಡಿ, ಅತ್ತಿತ್ತ ಆಡಿಸಿತು. ಕೊಂಬುಗಳು ಸೊಸೆಯನ್ನು ದಾಟಿ ಅತ್ತೆಯ ದನಿ ಬಂದ ಕಡೆಗೆ ತಿರುಗಿ ನಿಂತವು.

"ಅಯ್ಯೋ, ಜೀವ ಇದೆ ಕಣೇ ಪಾಪ" ಎಂದಳು ಅತ್ತೆ.

ಮಹಡಿಯ ಮೇಲೆ ಏನೋ ಬಿದ್ದ ಸದ್ದಾಯಿತು. ಆಮೇಲೆ ಕೆಮ್ಮು. ಆಮೇಲೆ ತುಕ್ಕು ಹಿಡಿದ ಬಾಗಿಲು ತೆರೆದಂಥ ಒಂದು ಹೆಂಗಸಿನ ದನಿ, ಅದರ ಬೆನ್ನಿಗೇ ಒಡತಿಯ ಅಳು. ಅಕ್ಕನಿಗೆ ಕಾಯಿಲೆ ಜೋರಾಗಿರಬೇಕು ಎಂದುಕೊಂಡ ಸೊಸೆ ಚಿಪ್ಪನ್ನು ಗೂಡಿನಲ್ಲೇ ಇಟ್ಟು ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಅತ್ತೆ ಕನ್ನಡಿಯ ಮುಂದೆ ನಿಂತು ತುಟಿ ಉಜ್ಜುತ್ತಿದ್ದಳು. ಮೊಟ್ಟೆಯ ಬಿಳಿಭಾಗ ಒಣಗಿದಂಥ ಒಂದು ತೆಳುಪೊರೆ ಬಾಯಿಗೆ ಅಡ್ಡವಾಗಿ ಅಂಟಿಕೊಂಡಿತ್ತು. ಎಳೆದರೆ ಬಂತು. ರಾತ್ರಿ ಜೊಲ್ಲು ಸುರಿಸಿದ್ದೇನೆ, ವಯಸ್ಸಾಯ್ತು ನೋಡು ಎಂದು ತನ್ನನ್ನು ತಾನೇ ಗೇಲಿ ಮಾಡಿಕೊಂಡಳು. ಅದರ ಮರುದಿನ ಪೊರೆ ಬೆರಳಿಗೆ ಬರಲಿಲ್ಲ, ಬಿಸಿನೀರು ಬೇಕಾಯಿತು. ದಿಂಬಿನಿಂದ ಗೋಡೆಯವರೆಗೆ, ಗೋಡೆಯಿಂದ ಹಿತ್ತಿಲ ಕಿಟಕಿಯವರೆಗೆ ಬೆಳ್ಳಿಯ ಗೀರಿನಂಥ ಜಾಡು ಹೊಳೆಯುತ್ತಿತ್ತು. ಸೊಸೆ ಹಿತ್ತಿಲಿಗೆ ಹೋಗಿ ನೋಡಿದಾಗ ಗೂಡಿನಲ್ಲಿ ಚಿಪ್ಪು ಅಲ್ಲೇ ಇತ್ತು. ಅದರ ಬಾಯಿಗೆ ಹೊಸ ಮುಚ್ಚಳ ಬಂದಿತ್ತು.

ವಾರ ಕಳೆಯುವಷ್ಟರಲ್ಲಿ ಅತ್ತೆಯ ಮಾತು ಅರ್ಧವಾಯಿತು. ಪೊರೆ ಹಗಲಲ್ಲೂ ಕಟ್ಟುತ್ತಿತ್ತು. ಯಾವುದೋ ಸುದ್ದಿ ಹೇಳುತ್ತ ಹೇಳುತ್ತ ಅವಳ ತುಟಿಗಳು ಒಂದಕ್ಕೊಂದು ತೊಡರಿ, ಮಾತು ಮೂಗಿನ ಗುನುಗಾಗಿ ನಿಂತುಬಿಡುತ್ತಿತ್ತು. ಅತ್ತೆ ಕಣ್ಣರಳಿಸಿ ಸೊಸೆಯ ಕಡೆ ನೋಡುತ್ತಿದ್ದಳು. ಕೆಲಸದ ಕೋಣೆಯಲ್ಲಿ ಎಲ್ಲಿಂದಲೋ ಮರಳುಕಾಗದ ಉಜ್ಜುವಂಥ ಸದ್ದು. ಸರ್... ಸರ್... ಮೇಜಿನ ಕೆಳಗೆ ಹುಡುಕಿದರೂ, ಕಪಾಟು ಸರಿಸಿದರೂ ಏನೂ ಇಲ್ಲ. ಒಣಗಲಿಟ್ಟ ಗಾರೆಯ ಅಚ್ಚುಗಳ ಹಲ್ಲುಗಳು ಮಾತ್ರ ದಿನದಿನಕ್ಕೆ ಸವೆದು ಮೊಂಡಾಗುತ್ತಿದ್ದವು. ಮನೆಯೆಲ್ಲ ನೆನೆದ ಸುಣ್ಣದ ವಾಸನೆ.

ಹಲ್ಲಿನ ಡಾಕ್ಟರು ಜೊಲ್ಲಿನ ಗ್ರಂಥಿಯ ತೊಂದರೆ ಎಂದರು. ಅವರೇ ಬರೆದುಕೊಟ್ಟ ಚೀಟಿ ಹಿಡಿದು ದೊಡ್ಡ ಆಸ್ಪತ್ರೆಗೆ ಹೋದರೆ ಅಲ್ಲಿ ಪೊರೆ ಕತ್ತರಿಸಿ, ಮುಲಾಮು ಹಚ್ಚಿ, ಮಲಗಿಸಿದರು. ಎದ್ದಾಗ ಬಾಯಿ ಮತ್ತೆ ಮುಚ್ಚಿತ್ತು, ಈ ಸಲ ಬೆಳ್ಳಗೆ, ಗಟ್ಟಿಯಾಗಿ. ಎರಡನೆಯ ಸಲ ಕತ್ತರಿಸುವಾಗ ತುಟಿಯ ಚರ್ಮವೂ ಕಿತ್ತುಬಂತು. ಇಂಥದ್ದನ್ನು ತಾವು ಕಂಡಿಲ್ಲ, ಇನ್ನೂ ದೊಡ್ಡ ಊರಿಗೆ ಕರೆದುಕೊಂಡು ಹೋಗಿ ಎಂದು ಅವರು ಕೈಚೆಲ್ಲಿದರು. ಅತ್ತೆ ಸೊಸೆಯ ಸೆರಗು ಜಗ್ಗಿ ಮನೆಗೆ ಎಂಬಂತೆ ಬಾಗಿಲು ತೋರಿಸಿದಳು.

ಮನೆಗೆ ಬಂದ ಸಂಜೆ ಸೊಸೆ ತನ್ನದೇ ಹತಾರಗಳನ್ನು ಹೊರತೆಗೆದಳು. ಬಿಸಿನೀರಿನ ಬಟ್ಟೆಯಿಂದ ಮುಚ್ಚಳವನ್ನು ಮೆತ್ತಗೆ ಮಾಡಿ, ಮೇಣದ ಚಾಕುವಿನಿಂದ ತುಟಿಗಳ ನಡುವೆ ಒಂದು ಸೀಳು ಬಿಡಿಸಿ, ಅದರಲ್ಲಿ ಸಣ್ಣ ಕೊಳವೆ ತೂರಿಸಿ ಹಾಲು, ಹಣ್ಣಿನ ರಸ ಕುಡಿಸಿದಳು. ಎಷ್ಟು ಹುಷಾರಾಗಿದ್ದರೂ ಮೊನೆ ತಾಗಿ ಗಾಯವಾಗುತ್ತಿತ್ತು. ಅತ್ತೆ ಕಣ್ಣು ಮುಚ್ಚಿ ಸಹಿಸುತ್ತಿದ್ದಳು. ಕಿತ್ತುಬಂದ ಚೂರನ್ನು ಬೆಳಕಿಗೆ ಹಿಡಿದಾಗ ಅದರ ಒಳಮೈಯಲ್ಲಿ ಎಡಕ್ಕೆ ತಿರುಗಿದ ಸುರುಳಿಯ ಗುರುತು ಇತ್ತು.

ಚೂರನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಸೊಸೆ ಮೊದಲ ಬಾರಿಗೆ ಮಹಡಿಯ ಮೆಟ್ಟಿಲು ಹತ್ತಿದಳು.

ಬಾಗಿಲು ತೆರೆದೇ ಇತ್ತು. ಒಳಗೆ ಹಾಸಿಗೆಯಲ್ಲಿ ಎಲುಬಿನ ಗೂಡಿನಂಥ ಒಬ್ಬ ಮುದುಕಿ ಕೂತು ಮಾತಾಡುತ್ತಿದ್ದಳು. ಯಾರೊಂದಿಗೂ ಅಲ್ಲ. ಗೋಡೆಗೆ, ಕಿಟಕಿಗೆ, ತನ್ನ ಕೈಗಳಿಗೆ. ಅವನು ಬಾಗಿಲ ಹತ್ತಿರ ನಿಂತಿದ್ದ, ಕೈಯಲ್ಲಿ ಕೊಡಲಿ ಇತ್ತು, ನಾನು ನೋಡಿದೆ ಸ್ವಾಮಿ, ನಾನೇ ಕಣ್ಣಾರೆ ನೋಡಿದೆ ಎಂದು ಅದನ್ನೇ ತಿರುತಿರುಗಿ ಹೇಳುತ್ತಿದ್ದಳು. ತುಟಿಯ ಸುತ್ತ ಹಳೆಯ ಗಾಯದ ಬಿಳಿ ಗೆರೆಗಳು.

ಒಡತಿ ಎದ್ದು ಬಂದು ಸೊಸೆಯ ಎದುರು ನಿಂತಳು. ಸುಳ್ಳು ಹೇಳುವ ಯತ್ನವನ್ನೇ ಮಾಡಲಿಲ್ಲ. ಅಕ್ಕ ಒಂದು ಕೊಲೆಗೆ ಸಾಕ್ಷಿಯಾಗಿದ್ದಳು. ಕೋರ್ಟಿನಲ್ಲಿ ನಿಲ್ಲಬೇಕಾಗಿದ್ದ ದಿನದ ಬೆಳಿಗ್ಗೆ ಗೋಡೆಯ ಗೂಡಿನಲ್ಲಿ ಆ ಚಿಪ್ಪು ಕಂಡಿತು, ಅಕ್ಕನ ಬಾಯಿ ತೆರೆಯಲಿಲ್ಲ. ಆಗ ಒಡತಿ ಇನ್ನೂ ಜಡೆ ಹಾಕುವ ಹುಡುಗಿ. ಅಂದಿನಿಂದ ಅವಳ ಆಯುಷ್ಯವೆಲ್ಲ ಅಕ್ಕನ ತುಟಿ ಸೀಳಿ ಹಾಲು ಕುಡಿಸುವುದರಲ್ಲೇ ಕಳೆಯಿತು. ಮಾಟ ಬಲ್ಲವರನ್ನು ಕೇಳಿದಾಗ ಅವರು ಹೇಳಿದ್ದಿಷ್ಟು. ಚಿಪ್ಪಿನ ಮುಚ್ಚಳ ತೆಗೆದರೆ ಕಟ್ಟು ಬಿಡುತ್ತದೆ. ಆದರೆ ಹೆದರಿದ ಕೈಗೆ ಅದು ಕಲ್ಲು, ನಗುವ ಕೈಗೆ ಮಾತ್ರ ಕಾಗದ. ಬಿಟ್ಟ ಕಟ್ಟು ಸುಮ್ಮನೆ ಹೋಗುವುದಿಲ್ಲ, ಒಮ್ಮೆ ಬಿಟ್ಟ ಬಾಯಿಗೆ ಮರಳದೆ, ಆ ಸೂರಿನ ಕೆಳಗೆ ಹೆಚ್ಚು ಮಾತಾಡುವ ಬೇರೆ ಬಾಯಿಗೆ ಬೀಳುತ್ತದೆ. ಕಟ್ಟಿರುವಾಗ ಚಿಪ್ಪೇ ಒಡೆದುಹೋದರೆ ಆ ಬಾಯಿ ಮತ್ತೆಂದೂ ತೆರೆಯುವುದಿಲ್ಲ, ಕಟ್ಟು ಬೇರೆ ಬಾಯಿಗೆ ದಾಟುವುದೂ ಇಲ್ಲ.

"ಬಾಡಿಗೆಗೆ ಬಂದೋರಿಗೆಲ್ಲ ಮುಟ್ಬೇಡಿ ಅಂತ ಹೇಳ್ದೆ" ಎಂದಳು ಒಡತಿ. "ಎಲ್ಲರೂ ಹೆದರಿದ್ರು. ನೀವು ನಕ್ಕಿರಿ."

"ಮುಟ್ಟಲಿ ಅಂತಲೇ ಹೇಳಿದ್ರಾ?"

ಒಡತಿ ತಲೆ ತಗ್ಗಿಸಿದಳು. "ನಿಮ್ಮ ಅತ್ತೆ ನನ್ನನ್ನ ಕಂಡಾಗೆಲ್ಲ ಊಟ ಆಯ್ತಾ ಅಂತ ಕೇಳೋರು. ನನ್ನನ್ನ ಆ ಮಾತು ಕೇಳೋರು ಬೇರೆ ಯಾರೂ ಇರ್ಲಿಲ್ಲ. ಹಾಗಿದ್ದೂ ಮಾಡ್ದೆ. ಬೈದು ಬಿಡಿ."

ಸೊಸೆ ನೇರ ಹಿತ್ತಿಲಿಗೆ ಓಡಿ ಗೂಡಿನಿಂದ ಚಿಪ್ಪನ್ನು ತೆಗೆದು ಮುಚ್ಚಳಕ್ಕೆ ಚಾಕು ಹಾಕಿದಳು. ಕಲ್ಲು. ಒತ್ತಿದಳು. ಮೊನೆ ಮುರಿಯಿತು. ಹಲ್ಲು ಕೊರೆಯುವ ಯಂತ್ರಕ್ಕೆ ಹಿಡಿದಳು. ಮೊನೆ ಕೆಂಪಾಗಿ ಕಾದು ಜಾರಿತೇ ಹೊರತು ಮುಚ್ಚಳದ ಮೇಲೆ ಒಂದು ಗೀರೂ ಬೀಳಲಿಲ್ಲ. ನಗಬೇಕು ಎಂದುಕೊಂಡಳು. ಹಲ್ಲು ಕಿರಿದು, ಹಹ್ಹಾ ಎಂದು ದನಿ ಮಾಡಿದಳು. ಎದೆಯೊಳಗೆ ಹೆದರಿಕೆ ಹೆಪ್ಪುಗಟ್ಟಿ ಕೂತಿತ್ತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ ಹತ್ತಿರ ಬಂದು ಅವಳ ಕೈಯಿಂದ ಚಾಕು ತೆಗೆದಿಟ್ಟು, ತಲೆ ನೇವರಿಸಿದಳು.

ಅವಳಿಗೆ ಏನೂ ಮುಚ್ಚಿಡದೆ ಎಲ್ಲವನ್ನೂ ಸೊಸೆ ಹೇಳಿದಳು. ತನ್ನ ಕೈಯಿಂದಲೇ ಆಯಿತು ಎಂದು ಕಾಲಿಗೆ ಬಿದ್ದು ಅತ್ತಳು. ಅತ್ತೆ ಅವಳನ್ನು ಎಬ್ಬಿಸಿ, ತಾನೂ ಪಕ್ಕದಲ್ಲೇ ನಿಂತು ನಕ್ಕಿರಲಿಲ್ಲವೇ ಎಂಬಂತೆ ತನ್ನ ಎದೆಯನ್ನು ತಟ್ಟಿ ತೋರಿಸಿಕೊಂಡಳು. ಮನೆ ಬಿಟ್ಟು ಬೇರೆಡೆ ಹೋದರೂ ಬಿಡುವಂಥದ್ದಲ್ಲ ಅದು. ಆಸ್ಪತ್ರೆಯಲ್ಲೇ ಅದು ತಿಳಿದಿತ್ತಲ್ಲ.

ಗಂಡನ ಫೋನು ಬಂದದ್ದು ಆ ದಿನಗಳಲ್ಲೇ. ಅಮ್ಮನಿಗೆ ಕೊಡು ಎಂದ. ಅಮ್ಮನಿಗೆ ಮಾತಾಡಲು ಆಗುತ್ತಿಲ್ಲ ಎಂದಳು. "ನಮ್ಮಮ್ಮನಿಗಾ? ಏನು ಔಷಧಿ ಕೊಟ್ಟೆ ಹೇಳು, ಹಡಗಲ್ಲಿ ನಮ್ಮ ಮೇಸ್ತ್ರಿಗೂ ಸ್ವಲ್ಪ ಕುಡಿಸ್ಬೇಕು" ಎಂದು ಅವನು ತಮಾಷೆ ಮಾಡಿದ. ಆಗ ಅವಳು ಹೇಳಿದಳು. ಚಿಪ್ಪು, ಮುಚ್ಚಳ, ಮಹಡಿಯ ಮುದುಕಿ, ಎಲ್ಲ. ಅವನು ನಕ್ಕ. ಮನಸಾರೆ ನಕ್ಕ. ನೀನು ಓದಿದವಳು, ಬಸವನಹುಳಕ್ಕೆ ಹೆದರಿ ಕೂತಿದ್ದೀಯಲ್ಲೇ ಎಂದ. ರಜೆ ಸಿಕ್ಕಿದೆ, ಇನ್ನೇನು ಹೊರಟೆ, ಬಂದವನೇ ಆ ಹುಳದ ಬಾಯಿ ನಾನೇ ಬಿಡಿಸುತ್ತೇನೆ, ಅಮ್ಮನನ್ನು ಒಳ್ಳೆಯ ಡಾಕ್ಟರಿಗೆ ತೋರಿಸುತ್ತೇನೆ ಎಂದ.

ಆ ನಗು ಕೇಳಿದೊಡನೆ ಸೊಸೆಯ ಜೀವ ಹಗುರಾಯಿತು. ಇದೇ ಆ ಕೈ. ಹೆದರದ ಕೈ. ಮುಚ್ಚಳ ಸೀಳುತ್ತದೆ, ಅತ್ತೆ ಮಾತಾಡುತ್ತಾಳೆ. ಮರುಕ್ಷಣವೇ ಒಡತಿ ಹೇಳಿದ ಇನ್ನೊಂದು ಮಾತು ನೆನಪಾಯಿತು. ಬಿಟ್ಟ ಕಟ್ಟು ಹೋಗಿ ಬೀಳುವುದು ಯಾರ ಮೇಲೆ? ಅವನಿಗಿಂತ ಹೆಚ್ಚು ಮಾತಾಡುವ ಬಾಯಿ ಮನೆಯಲ್ಲಿ ಇನ್ನಾವುದಿದೆ? ಫೋನಿನ ದನಿ ಕೋಣೆಗೆಲ್ಲ ಕೇಳುವಂತೆ ಇಟ್ಟಿದ್ದಳು. ಹಾಸಿಗೆಯ ಅಂಚಿನಲ್ಲಿ ಕೂತಿದ್ದ ಅತ್ತೆಯೂ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಆಮೇಲಿನ ದಿನಗಳಲ್ಲಿ ಸೊಸೆ ಮಾತಾಡತೊಡಗಿದಳು.

ಎದ್ದಾಗಿನಿಂದ ಮಲಗುವವರೆಗೆ. ಗಾರೆ ಕಲೆಸುತ್ತ ಗಾರೆಯ ಬಗ್ಗೆ, ನೀರು ತುಂಬುತ್ತ ನೀರಿನ ಬಗ್ಗೆ. ಚಿಕ್ಕಂದಿನ ನೆನಪು, ಬೀದಿಯವರ ಸುದ್ದಿ, ಏನೂ ತೋಚದಿದ್ದರೆ ಅಂಗಡಿಯ ಬೋರ್ಡುಗಳನ್ನು ಗಟ್ಟಿಯಾಗಿ ಓದುವುದು. ದನಿ ಕೆಟ್ಟು ಗೊಗ್ಗರಾಯಿತು, ದವಡೆ ನೋಯಿತು, ನಿಲ್ಲಿಸಲಿಲ್ಲ. ಗಂಡ ಮುಚ್ಚಳ ತೆಗೆಯುವ ಹೊತ್ತಿಗೆ ಆ ಸೂರಿನ ಕೆಳಗೆ ಅತಿ ಹೆಚ್ಚು ಮಾತಾಡುವ ಬಾಯಿ ತನ್ನದಾಗಬೇಕು. ತನಗೆ ಬಂದರೆ ಬರಲಿ. ಮೊದಲೂ ತಾನು ಮಾತಿನವಳಲ್ಲ, ಕಳೆದುಕೊಳ್ಳುವುದೇನಿದೆ ಎಂದುಕೊಂಡಳು. ಹಾಗಂದುಕೊಂಡರೂ ಕನ್ನಡಿಯ ಮುಂದೆ ನಿಂತಾಗ ತನ್ನ ತುಟಿಗಳನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಅತ್ತೆ ಅದನ್ನೆಲ್ಲ ನೋಡುತ್ತಿದ್ದಳು. ಇಡೀ ಬೀದಿಯ ಮನಸ್ಸು ಓದುತ್ತಿದ್ದವಳಿಗೆ ಸೊಸೆಯ ಮನಸ್ಸು ತಿಳಿಯದೇ? ಒಮ್ಮೆ ಸೊಸೆಯ ಬಾಯಿಯ ಮೇಲೆ ಅಂಗೈ ಇಟ್ಟು, ಸಾಕು ಎಂಬಂತೆ ತಲೆಯಾಡಿಸಿದಳು. ಸೊಸೆ ಆ ಕೈಯನ್ನು ಸರಿಸಿ ಮಾತು ಮುಂದುವರಿಸಿದಳು.

ಗಂಡ ಬರುವ ದಿನ ಮಳೆ ಹಿಡಿದಿತ್ತು. ನಡುಹಗಲಲ್ಲೇ ಕೋಣೆಗಳು ಕತ್ತಲಾಗಿದ್ದವು. ಹಿತ್ತಿಲ ಗೋಡೆಯ ತುಂಬ ಬಸವನಹುಳುಗಳು ಎದ್ದಿದ್ದವು. ಸರ್... ಸರ್... ಎಂಬ ಸದ್ದು ಗೋಡೆಗಳ ಒಳಗಿಂದಲೇ ಬಂದಂತಿತ್ತು. ಮಹಡಿಯ ಮೇಲೆ ಮುದುಕಿಯ ಸಾಕ್ಷಿ ನಿಂತೇ ಇರಲಿಲ್ಲ. ಸೊಸೆ ಅತ್ತೆಗೆ ಹಾಲು ಕುಡಿಸಿ, ಚಿಪ್ಪನ್ನು ಕೆಲಸದ ಮೇಜಿನ ಮೇಲೆ ಒಂದು ಬಟ್ಟಲಲ್ಲಿ ತಂದಿಟ್ಟಳು. ಅವನು ಬಂದ ಕೂಡಲೇ ಕೈಗೆ ಕೊಡಬೇಕು. ಬಾಗಿಲಲ್ಲಿ ನಿಂತು ಬೀದಿಯ ತುದಿಯನ್ನೇ ನೋಡುತ್ತ, ಮಳೆಗೆ, ಚರಂಡಿಗೆ, ಎದುರುಮನೆಯ ಕಿಟಕಿಗೆ ಮಾತಾಡುತ್ತಲೇ ಇದ್ದಳು.

ಹಿಂದೆ ಕಿರ್ ಎಂದಿತು.

ಆ ಸದ್ದು ಅವಳಿಗೆ ಗೊತ್ತು. ಒತ್ತುಯಂತ್ರದ ತಿರುಪಿನ ಸದ್ದು.

ತಿರುಗಿದಳು. ಅತ್ತೆ ಮೇಜಿನ ಮುಂದೆ ನಿಂತಿದ್ದಳು. ಬಟ್ಟಲು ಖಾಲಿ. ಯಂತ್ರದ ಎರಡು ಕಬ್ಬಿಣದ ಹಲಗೆಗಳ ನಡುವೆ ಚಿಪ್ಪು. ಅತ್ತೆಯ ಎರಡೂ ಕೈ ಹಿಡಿಕೆಯ ಮೇಲೆ.

"ಅತ್ತೆ, ಬೇಡ."

ಅತ್ತೆ ತಿರುಗಿಸಿದಳು. ಚಿಪ್ಪು ಟಪ್ ಎಂದಿತು. ಒಂದು ಬಿರುಕು.

ಸೊಸೆ ಓಡಿದಳು. ಕುರ್ಚಿಗೆ ಕಾಲು ತೊಡರಿತು. ಬಿದ್ದಳು. ಎದ್ದಳು. ಅತ್ತೆಯ ತೋಳು ಹಿಡಿದು ಎಳೆದಳು. ಬರಲಿಲ್ಲ. ಆ ಮುದಿ ತೋಳಿನಲ್ಲಿ ಅಷ್ಟು ಬಲ ಎಲ್ಲಿತ್ತೋ. ಇನ್ನೊಂದು ಸುತ್ತು. ಚಿಪ್ಪಿನ ಒಳಗಿಂದ ಸಿಳ್ಳಿನಂಥ ದನಿ. ಹಾಲಿನಂಥ ನೊರೆ ಹಲಗೆಯಿಂದ ಇಳಿಯಿತು. ಮುಚ್ಚಿದ ಬಾಯಿಯ ಅದೇ ವಾಸನೆ, ಕೋಣೆ ತುಂಬ. "ಬಿಡಿ ಅತ್ತೆ, ನನಗೆ ಬರ್ಲಿ, ನನಗೇ ಬರ್ಲಿ." ಅತ್ತೆ ಅವಳನ್ನು ನೋಡಿದಳು. ಕಣ್ಣಲ್ಲಿ ಹೆದರಿಕೆ ಇರಲಿಲ್ಲ. ಹಟ ಮಾಡುವ ಮಗುವಿನ ಕಡೆ ನೋಡುವ ಸಿಟ್ಟು ಇತ್ತು, ಅಕ್ಕರೆ ಇತ್ತು. ಕೊನೆಯ ಸುತ್ತು.

ಪುಡಿಯಾಯಿತು.

ಸರ್ ಎಂಬ ಸದ್ದು ನಿಂತಿತು. ಅತ್ತೆಯ ಕೈ ಹಿಡಿಕೆಯಿಂದ ಜಾರಿತು. ಬೆಳಿಗ್ಗೆಯಷ್ಟೇ ಬಿಡಿಸಿದ್ದ ಸೀಳು ಸೊಸೆಯ ಕಣ್ಣೆದುರೇ ಒಂದು ತುದಿಯಿಂದ ಇನ್ನೊಂದು ತುದಿಗೆ ಬೆಳ್ಳಗೆ ಕೂಡಿಕೊಂಡಿತು. ಅದು ಅಲ್ಲಿಗೇ ನಿಲ್ಲಲಿಲ್ಲ. ಮೇಲಕ್ಕೆ ಹಬ್ಬಿತು. ಮೂಗಿನ ಹೊಳ್ಳೆಗಳ ಅಂಚಿಗೆ ಬಂತು.

ಬಿಸಿನೀರು. ಬಟ್ಟೆ. ಚಾಕು. ಇಲ್ಲ, ಮೊನೆ ಹೋಗುತ್ತಿಲ್ಲ. ಬೇರೆ ಚಾಕು. ರಕ್ತ ಬಂತು. ಪೊರೆ ಬರಲಿಲ್ಲ. ಹಲ್ಲು ಕೊರೆಯುವ ಯಂತ್ರ ತಂದಳು. ಅತ್ತೆಯ ಎದೆ ಏರಿತು, ಇಳಿಯಿತು. ಏರಿತು. ಕೊರೆದಳು. ಒಂದು ಕೂದಲೆಳೆಯಷ್ಟು ತೂತು, ಅಷ್ಟೇ ಸಾಕು, ಅಷ್ಟೇ. ಅತ್ತೆ ಅವಳ ಎರಡೂ ಮುಂಗೈಗಳನ್ನು ಹಿಡಿದು ಕೆಳಗಿಳಿಸಿದಳು. ಮೆಲ್ಲಗೆ. ಸಾಕು ಎನ್ನುವ ಹಾಗೆ. ಆ ಹಿಡಿತ ಬಿಗಿಯಾಯಿತು. ಇನ್ನೂ ಬಿಗಿಯಾಯಿತು. ಆಮೇಲೆ ಸಡಿಲವಾಯಿತು.

ಗಂಡ ಒದ್ದೆ ಚೀಲ ಹೊತ್ತು ಒಳಗೆ ಬಂದಾಗ ಸೊಸೆ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಜೀವ ಹೋದ ಸ್ವಲ್ಪ ಹೊತ್ತಿಗೇ ಆ ಬಿಳಿಯ ಪೊರೆ ಉಪ್ಪು ಕರಗಿದಂತೆ ಕರಗಿ, ತೆಳ್ಳಗಿನ ನೀರಾಗಿ ಕೆನ್ನೆಯಿಂದ ಇಳಿದುಹೋಗಿತ್ತು. ಗುರುತೂ ಇರಲಿಲ್ಲ. ಉಳಿದದ್ದು ಬರೀ ಗಾಯಗಳು. ತುಟಿಗಳ ಮೇಲೆ ಹಳೆಯ ಗಾಯ, ಮೂಗಿನ ಕೆಳಗೆ ಹೊಸ ಗಾಯ. ಪಕ್ಕದಲ್ಲಿ ರಕ್ತ ಹತ್ತಿದ ಚಾಕುಗಳು, ಇನ್ನೂ ಗುಂಯ್‌ಗುಡುತ್ತಿದ್ದ ಯಂತ್ರ. ಒತ್ತುಯಂತ್ರದ ಹಲಗೆಯ ಮೇಲೆ ಬರೀ ಬಿಳಿಯ ಪುಡಿ. ಆ ಕೋಣೆಯಲ್ಲಿ ಬಿಳಿಯ ಪುಡಿ ಎಲ್ಲಿ ನೋಡಿದರೂ ಇತ್ತು.

ಅವಳು ಹೇಳಿದಳು. ಮೊದಲಿಂದ ಹೇಳಿದಳು. ಅವನು ಕೇಳಲಿಲ್ಲ. ಒಡತಿಯನ್ನು ಕೇಳಿ ಎಂದು ಕೈಹಿಡಿದು ಮಹಡಿಗೆ ಎಳೆದೊಯ್ದಳು. ಒಡತಿ ಬಾಗಿಲಿಗೆ ಬಂದು, ನನಗೇನೂ ಗೊತ್ತಿಲ್ಲ, ನಮ್ಮಕ್ಕನಿಗೆ ಮೈ ಸರಿಯಿಲ್ಲ ಎಂದು ಕದ ಮುಚ್ಚಿಕೊಂಡಳು. ಪೊಲೀಸರು ಬಂದರು. ಆಸ್ಪತ್ರೆಯವರು ಬಾಯಿಯ ಕಾಯಿಲೆ ಇದ್ದದ್ದು ನಿಜ, ಮನೆಯಲ್ಲಿ ಏನೋ ಮಾಡಲು ಹೋಗಿ ಹೀಗಾಗಿರಬೇಕು ಎಂದು ಬರೆದುಕೊಟ್ಟರು. ಯಾರೂ ಅವಳನ್ನು ಹಿಡಿದುಕೊಂಡು ಹೋಗಲಿಲ್ಲ. ಕೊನೆಯ ಕಾರ್ಯ ಮುಗಿಯುವವರೆಗೆ ಗಂಡ ಅವಳ ಮುಖ ನೋಡಲಿಲ್ಲ. ಅವಳು ಎದುರಿಗೆ ಬಂದರೆ ಅವನ ಕಣ್ಣು ಅವಳ ಕೈಗಳ ಮೇಲೆ ಹೋಗಿ ನಿಲ್ಲುತ್ತಿತ್ತು.

ಹಡಗಿಗೆ ಮರಳುವ ಬೆಳಿಗ್ಗೆ ಅವನು ಚೀಲಕ್ಕೆ ಬಟ್ಟೆ ತುಂಬಿ ಹೊಸಿಲ ಹತ್ತಿರ ನಿಂತ. ಇನ್ನು ಬರುವುದಿಲ್ಲ ಎಂದು ಅವನು ಹೇಳಿರಲಿಲ್ಲ. ಗೋಡೆಯ ಮೇಲಿದ್ದ ತನ್ನ ಹಳೆಯ ಕೋಟನ್ನೂ ಮಡಚಿಕೊಂಡಿದ್ದರಿಂದ ಅವಳಿಗೆ ಗೊತ್ತಾಗಿತ್ತು.

"ಅಮ್ಮ ಕೊನೇಲಿ ಏನಾದ್ರೂ ಹೇಳಿದ್ಳಾ?" ಎಂದು ಕೇಳಿದ, ಬೀದಿಯ ಕಡೆ ನೋಡುತ್ತ.

ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ನೀನು ಬರೋ ಹಡಗಲ್ಲಿ ಊಟ ಸರಿ ಇರತ್ತೋ ಇಲ್ವೋ ಅಂದ್ರು. ಬಂದ ಕೂಡ್ಲೇ ಮೊದಲು ತಲೆ ಒರೆಸ್ಕೋ ಅನ್ನು, ಅವನಿಗೆ ಬೇಗ ಶೀತ ಆಗತ್ತೆ ಅಂದ್ರು. ಆಮೇಲೆ ನಿನ್ನ ಹಳೇ ಮೇಷ್ಟ್ರ ಸುದ್ದಿ ಏನೋ ಹೇಳೋದಿತ್ತಂತೆ, ನೀನೇ ಬಾ, ಎದುರಿಗೆ ಕೂತು ಹೇಳ್ತೀನಿ ಅಂದ್ರು."

ಅತ್ತೆಯ ದನಿಯ ಏರಿಳಿತ ಕೂಡ ತಪ್ಪದೆ ಬಂದಿತ್ತು. ಅವಳು ಹೇಳಿದ ನಿಜದಲ್ಲಿ ಒಂದಕ್ಷರವನ್ನೂ ನಂಬದಿದ್ದವನು ಇದನ್ನು ನಂಬಿದ. ಚೀಲ ಕೆಳಗಿಟ್ಟು, ಹೊಸಿಲ ಮೇಲೆ ಕುಸಿದು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತ. ಅವಳು ಸಮಾಧಾನ ಮಾಡಲು ಅವನ ಹೆಗಲ ಮೇಲೆ ಕೈಯಿಟ್ಟಳು. ಅವನು ಹೆಗಲು ಜಾರಿಸಿ, ಕಣ್ಣೊರೆಸಿಕೊಂಡು, ಚೀಲ ಎತ್ತಿಕೊಂಡು ಬೀದಿಗೆ ಇಳಿದ.